ಕೀಲಿ ಉದ್ಯಮ

ನಮ್ಮ ಮನೆಯಲ್ಲಿ ಒಂದು ಜಗಳ ಮದುವೆಯಾದಂದಿನಿಂದ ನಡೆದುಕೊಂಡು ಬಂದಿದೆ. ನನ್ನ ಗಂಡ ನಂಜುಂಡಸ್ವಾಮಿ ಮೈಸೂರಿನವರು. ಅವರ ಬಾಯಲ್ಲಿ ಕೀಲಿ ಅಂದರೆ ಬೀಗ ತೆಗೆಯುವ ಸಾಧನ. ನಾನು ದಾಕ್ಷಾಯಣಿ, ಹುಬ್ಬಳ್ಳಿಯವಳು. ನಮ್ಮಲ್ಲಿ ಕೀಲಿ ಅಂದರೆ ಬೀಗವೇ. ಅದನ್ನು ತೆಗೆಯಲು ಕೀಲಿಕೈ ಬೇಕು. ಹೊಸದರಲ್ಲಿ ಅವರು ಬಾಗಿಲಲ್ಲಿ ನಿಂತು "ಕೀಲಿ ಕೊಡೆ" ಎಂದರೆ ನಾನು ಬೀಗವನ್ನೇ ತಂದು ಅವರ ಅಂಗೈಯಲ್ಲಿ ಇಡುತ್ತಿದ್ದೆ. ಮೊದಮೊದಲು ಗೊತ್ತಾಗದೆ, ಆಮೇಲೆ ಬೇಕಂತಲೇ. ಅವರು ಸಿಟ್ಟಾಗುವ ರೀತಿ ನನಗೆ ಇಷ್ಟವಾಗುತ್ತಿತ್ತು.

ಈ ಮನೆಯೊಳಗಿನ ತಮಾಷೆ ದೇಶದ ಕೈಗಾರಿಕಾ ನೀತಿಯೊಳಗೆ ಹೋಗಿ ಕೂರುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ನಾನು ಕೆಲಸ ಮಾಡುವುದು ಬೆಂಗಳೂರಿನ ಪಡಿನಾಡು ಕೇಂದ್ರದಲ್ಲಿ. ಪಡಿನಾಡು ಎಂದರೆ ಯಂತ್ರದೊಳಗಿರುವ ದೇಶದ ಪಡಿಯಚ್ಚು. ಯಾವ ಕಾರ್ಖಾನೆ ಏನು ಕೊಂಡಿತು, ಏನು ಮಾರಿತು, ಎಷ್ಟು ಕರೆಂಟು ಉರಿಸಿತು, ಯಾವ ಲಾರಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದೆಲ್ಲ ದಿನವೂ ಅದರೊಳಗೆ ಬಂದು ಬೀಳುತ್ತದೆ. ಸರ್ಕಾರ ಹೊಸ ನೀತಿ ತರುವ ಮೊದಲು ಅದನ್ನು ಪಡಿನಾಡಿನಲ್ಲಿ ಜಾರಿ ಮಾಡಿ ನೋಡುತ್ತದೆ. ಅಲ್ಲಿ ಹತ್ತು ವರ್ಷ ಕಳೆಯಲು ನಮಗೆ ಒಂದು ಮಧ್ಯಾಹ್ನ ಸಾಕು. ಅಲ್ಲಿ ಕಾರ್ಖಾನೆ ಮುಚ್ಚಿದರೆ ಯಾರೂ ಅಳುವುದಿಲ್ಲ, ಅದೊಂದು ಅನುಕೂಲ.

ಮೊದಲೆಲ್ಲ ಯಾವ ಉದ್ಯಮಕ್ಕೆ ಸರ್ಕಾರದ ನೆರವು ಸಿಗಬೇಕು ಎಂಬುದು ಯಾರ ಚಿಮಣಿ ಎತ್ತರ, ಯಾರ ಗಂಟಲು ದೊಡ್ಡದು ಎಂಬುದರ ಮೇಲೆ ತೀರ್ಮಾನವಾಗುತ್ತಿತ್ತು. ಪಡಿನಾಡು ಬಂದ ಮೇಲೆ ಪ್ರಶ್ನೆ ಬದಲಾಯಿತು: ಈ ಉದ್ಯಮ ನಿಂತರೆ ಇನ್ನೆಷ್ಟು ನಿಲ್ಲುತ್ತವೆ? ನಾವು ಒಂದೊಂದೇ ಉದ್ಯಮವನ್ನು ಪಡಿನಾಡಿನಲ್ಲಿ ನಿಲ್ಲಿಸಿ, ಅದರ ಹಿಂದೆ ಏನೇನು ಬೀಳುತ್ತದೆ ಎಂದು ನೋಡಿದೆವು. ಹೆಚ್ಚು ಬೀಳಿಸಿದವುಗಳಿಗೆ ತಡೆಯಿಲ್ಲದ ವಿದ್ಯುತ್ತು, ಸ್ವಂತ ಜಾಗ, ಕಡಿಮೆ ಬಡ್ಡಿಯ ಸಾಲ. ಹೊಸ ನೀತಿಯ ತಿರುಳು ಇಷ್ಟೇ.

ಯಂತ್ರದಿಂದ ಪಟ್ಟಿ ಹೊರಬಿದ್ದ ದಿನ ನಮ್ಮ ನಿರ್ದೇಶಕ ರಘೋತ್ತಮ ಸರ್ ಕನ್ನಡಕ ಹಣೆಗೇರಿಸಿಕೊಂಡು ಪರದೆಯ ಹತ್ತಿರ ಬಂದರು. ಉಕ್ಕು, ವಿದ್ಯುತ್ತು, ಗಂಧಕಾಮ್ಲ, ಕಂಪ್ಯೂಟರಿನ ಚಿಪ್ಪು ಎಲ್ಲ ಅವರು ಎಣಿಸಿದಂತೆಯೇ ಇದ್ದವು.

"ಏಳನೇದು ಏನಮ್ಮ ಇದು?"

"ಆಯಿಲ್ ಸೀಲ್, ಸರ್. ರಬ್ಬರಿನ ಬಳೆ ಇದ್ದ ಹಾಗೆ. ಪಂಪು, ಗೇರ್‌ಬಾಕ್ಸು, ಮೋಟಾರು, ಎಲ್ಲೆಲ್ಲಿ ದಂಡ ತಿರುಗುತ್ತೋ ಅಲ್ಲೆಲ್ಲ ಎಣ್ಣೆ ಸೋರದ ಹಾಗೆ ತಡೆಯುತ್ತೆ."

"ಎಲ್ಲಿ ಮಾಡ್ತಾರೆ ಇದನ್ನ?"

"ಹುಬ್ಬಳ್ಳಿ ಹೊರಗೆ, ನಲವತ್ತು ಶೆಡ್ಡುಗಳಲ್ಲಿ. ದೇಶಕ್ಕೆಲ್ಲ ಅಲ್ಲಿಂದಲೇ ಹೋಗೋದು."

"ಚಿಪ್ಪಿನ ಪಕ್ಕದಲ್ಲಿ ಬಳೆಯಾ!" ಎಂದು ಅವರು ನಕ್ಕರು. ಲೆಕ್ಕವನ್ನು ಮೂರು ಸಲ ಓಡಿಸಿ ನೋಡಿದರು. ಮೂರು ಸಲವೂ ಏಳನೆಯದೇ.

ಆ ನಲವತ್ತು ಶೆಡ್ಡುಗಳಲ್ಲಿ ಒಂದು ನನ್ನ ಅಣ್ಣ ಚನ್ನವೀರನದು. ಅವನು ಹಿಂದೆ ಟೈರಿಗೆ ಹೊಸ ರಬ್ಬರ್ ಹಾಕುವ ಅಂಗಡಿ ಇಟ್ಟುಕೊಂಡಿದ್ದ. ಹಿಂದಿನ ಸರ್ಕಾರ ಹೊರದೇಶದ ಸೀಲಿಗೆ ಭಾರೀ ಸುಂಕ ಹಾಕಿದಾಗ ಅವನಂಥವರೆಲ್ಲ ಇದಕ್ಕಿಳಿದರು. ಅಂದರೆ ಆ ಊರಿನ ಉದ್ಯಮವನ್ನು ಹುಟ್ಟಿಸಿದ್ದೇ ಒಂದು ನೀತಿ. ಅದೇ ನೀತಿಯ ಕೊನೆಯಲ್ಲಿ ಒಂದು ಷರತ್ತೂ ಇತ್ತು: ಮಾರುಕಟ್ಟೆಯಲ್ಲಿ ಎರಡು ವಾರ ಮಾಲು ಸಿಗದಿದ್ದರೆ ಆಮದಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಸುಂಕವಿಲ್ಲದೆ, ಮೂರು ವರ್ಷಕ್ಕೆ. ಇಲ್ಲಿಯವರು ಮಾಲು ಬಚ್ಚಿಟ್ಟು ಬೆಲೆ ಏರಿಸಬಾರದು ಎಂದು ಹಾಕಿದ ಷರತ್ತು. ತಪ್ಪೇನಲ್ಲ. ಯಾರೂ ಅದನ್ನು ಮುಟ್ಟುವ ಸಂದರ್ಭ ಬಂದಿರಲಿಲ್ಲ.

ಪಟ್ಟಿ ಇನ್ನೂ ಗುಟ್ಟಿನದಾದ್ದರಿಂದ ನಾನು ಅಣ್ಣನಿಗೆ ಹೇಳುವಂತಿರಲಿಲ್ಲ. ಸುದ್ದಿ ಸರ್ಕಾರದಿಂದಲೇ ಹೋಗಲಿ, ಅವನು ಕುಣಿದಾಡಿಕೊಂಡು ನನಗೆ ಫೋನ್ ಮಾಡಲಿ ಎಂದು ಕಾದೆ. ಫೋನ್ ಬಂತು. ಅವನು ಕುಣಿಯುತ್ತಿರಲಿಲ್ಲ.

"ದಾಕ್ಷಾ, ನಮಗ ಕೀಲಿ ಜಡಿಯಾಕತ್ತಾರವ್ವ."

"ಯಾರಣ್ಣಾ?"

"ಸರ್ಕಾರ. ಎಲ್ಲಾ ಶೆಡ್ಡಿಗೂ ಆರ್ಡರ್ ಬಂದೈತಿ. ಕೇಳಿಲ್ಲೆ: ‘ತಮ್ಮ ಉದ್ಯಮವನ್ನು ಕೀಲಿ ಉದ್ಯಮವೆಂದು ಘೋಷಿಸಲಾಗಿದೆ. ಮುಂದಿನ ಕ್ರಮಕ್ಕಾಗಿ ಅಧಿಕಾರಿಗಳು ಸ್ಥಳಕ್ಕೆ ಭೇಟಿ ನೀಡಲಿದ್ದಾರೆ.’ ನಾವೇನ್ ತಪ್ಪು ಮಾಡೇವಿ ಹೇಳು?"

ನನಗೆ ಮೊದಲು ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ.

"ನಗಬ್ಯಾಡ. ಅವ್ರು ಬರೂದ್ರಾಗ ನಾವ ಶೆಡ್ ಬಂದ್ ಮಾಡೇವಿ. ಆಳುಗಳನ್ನ ಊರಿಗೆ ಕಳಸೇವಿ. ಡೈ ಎಲ್ಲಾ ಮನಿಗೆ ಸಾಗಿಸೇವಿ."

ಡೈ ಎಂದರೆ ಸೀಲು ಒತ್ತುವ ಉಕ್ಕಿನ ಅಚ್ಚು. ಅದಿಲ್ಲದಿದ್ದರೆ ಶೆಡ್ಡು ಬರೀ ತಗಡು. ಅವರ ಹೆದರಿಕೆಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಹೊಗೆಯ ದೂರಿನ ಮೇಲೆ ಅಧಿಕಾರಿಗಳು ಬಂದು ಶೆಡ್ಡುಗಳಿಗೆ ಅರಗಿನ ಮುದ್ರೆ ಒತ್ತಿ ಹೋಗಿದ್ದರು. ಸೀಲು ಮಾಡುವವರಿಗೇ ಸೀಲು ಎಂದು ಊರೆಲ್ಲ ನಕ್ಕಿತ್ತು. ಮುದ್ರೆ ಒಡೆಯುವಷ್ಟರಲ್ಲಿ ಮಳೆಗಾಲ ಕಳೆದು, ಒಳಗಿದ್ದ ಡೈಗಳೆಲ್ಲ ತುಕ್ಕು ಹಿಡಿದಿದ್ದವು. ಈ ಸಲ ಅವರು ಜಾಣರಾಗಿದ್ದರು.

ಎರಡು ವಾರದ ಷರತ್ತು ನೆನಪಾಗಿ ನನ್ನ ನಗು ನಿಂತುಹೋಯಿತು. ಕೀಲಿ ಎಂದರೆ ಇಲ್ಲಿ ಬೀಗವಲ್ಲ, ಬೀಗ ತೆಗೆಯುವುದು. ನೀವು ದೇಶಕ್ಕೆ ಬೇಕಾದವರು ಎಂದು ಅರ್ಥ. ಕೂಡಲೇ ಶೆಡ್ ತೆಗೆಯಿರಿ ಎಂದು ಬಿಡಿಸಿ ಬಿಡಿಸಿ ಹೇಳಿದೆ.

"ನನಗ ತಿಳೀತು," ಎಂದ ಅಣ್ಣ. "ಉಳಿದೋರಿಗೆ ಯಾರ್ ಹೇಳೋರು? ಮೌಲಾಸಾಬರು ಏನಂತಾರ ಗೊತ್ತೇನು? ‘ನಿನ್ನ ತಂಗಿ ಸರ್ಕಾರದ ಪಗಾರ ತಗೋತಾಳ, ಆಕಿ ಮತ್ತ ಹೆಂಗ ಹೇಳ್ಯಾಳು?’ ರಬ್ಬರ್ ಅರಿಯೂ ಮಷೀನ ಅವರ ಕಡೆ ಐತಿ. ಅವರು ತೆಗಿಲಿಲ್ಲಂದ್ರ ನಾನೊಬ್ಬ ತೆಗದು ಏನ್ ಒತ್ಲಿ, ಗಾಳಿ?"

ಮರುದಿನ ಜಿಲ್ಲೆಯ ಅಧಿಕಾರಿಯೊಬ್ಬರು ಅಭಿನಂದನೆ ಹೇಳಲು ಜೀಪಿನಲ್ಲಿ ಪೇಡೆಯ ಡಬ್ಬಿಗಳನ್ನು ಇಟ್ಟುಕೊಂಡು ಅಲ್ಲಿಗೆ ಹೋದರಂತೆ. ಜೀಪು ಕಂಡದ್ದೇ ತಡ, ಕಾವಲಿಗೆ ಕೂತಿದ್ದವರೂ ಓಡಿಹೋದರು. ಅಧಿಕಾರಿ ಪೇಡೆ ವಾಪಸು ತಂದು ‘ಘಟಕಗಳು ಸ್ಥಗಿತಗೊಂಡಿವೆ’ ಎಂದು ವರದಿ ಬರೆದರು. ಆ ವರದಿ ನೇರ ನಮ್ಮ ಯಂತ್ರಕ್ಕೆ ಬಂತು.

ಆವತ್ತು ಊಟಕ್ಕೆ ಕೂತಾಗ ಗಂಡನನ್ನು ಕೇಳಿದೆ. ಅವರು ಕೈಗಾರಿಕಾ ಇಲಾಖೆಯ ಕನ್ನಡ ವಿಭಾಗದಲ್ಲಿದ್ದಾರೆ. ಆದೇಶಗಳ ಭಾಷೆ ಅವರ ಕೈಯಲ್ಲೇ ಹಾದುಹೋಗುತ್ತದೆ.

"ರೀ, ಕೀಲಿ ಉದ್ಯಮ ಅಂತ ಬರೆದೋರು ಯಾರು?"

"ನಾನೇ ಕಣೆ. ಚೆನ್ನಾಗಿದೆ ಅಲ್ವಾ? ಮೂಲ, ಪ್ರಮುಖ, ಪ್ರಧಾನ ಎಲ್ಲ ಬಳಸಿ ಬಳಸಿ ಸವೆದು ಹೋಗಿದ್ವು. ಇದರಲ್ಲಿ ಒಂದು ಚಿತ್ರ ಇದೆ. ಬಾಗಿಲು ತೆಗೆಯೋ ಚಿತ್ರ."

ನಾನು ಎದ್ದು ಹೋಗಿ, ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಬೀಗವನ್ನು ತಂದು ಅವರ ತಟ್ಟೆಯ ಪಕ್ಕದಲ್ಲಿ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಹದಿನೆಂಟು ವರ್ಷ ಅಂಗೈಯಲ್ಲಿ ಬೀಗ ಇಡಿಸಿಕೊಂಡ ಮನುಷ್ಯನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ತುತ್ತು ಕೈಯಲ್ಲೇ ಉಳಿಯಿತು.

ಆದರೂ ಗಂಡಸರ ಜಾತಿ. ಕೈ ತೊಳೆದುಕೊಂಡು ಬಂದು ನಿಘಂಟು ತೆಗೆದರು. "ನೋಡು, ಎರಡು ಅರ್ಥಾನೂ ಕೊಟ್ಟಿದ್ದಾನೆ. ನಂದೇನೂ ತಪ್ಪಿಲ್ಲ."

"ಆ ನಿಘಂಟು ತಗೊಂಡು ನಮ್ಮಣ್ಣನ ಶೆಡ್ಡಿನ ಮುಂದ ಕೂಡ್ರಿ. ಬಂದ್ ಬಂದೋರಿಗೆ ಎರಡನೇ ಅರ್ಥ ತೋರಿಸ್ರಿ." ಸಿಟ್ಟು ಬಂದರೆ ನನಗೆ ಊರಿನ ಮಾತೇ ಬರುವುದು.

ಒಳ್ಳೆಯ ಮನುಷ್ಯ, ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ದಾರಿ ಹೇಳಿದರು. ನೀತಿಯ ಹೆಸರು ಬದಲಿಸಬೇಕಾದರೆ ಸಚಿವ ಸಂಪುಟಕ್ಕೆ ಹೋಗಬೇಕು, ತಿಂಗಳು ಹಿಡಿಯುತ್ತದೆ. ಆದರೆ ಅಚ್ಚಿನಲ್ಲಿ ಅಕ್ಷರ ಬಿಟ್ಟುಹೋಗಿದೆ ಎಂದರೆ ಅವರ ವಿಭಾಗದ ಮೇಲಧಿಕಾರಿಯ ಸಹಿ ಸಾಕು, ತಿದ್ದುಪಡಿ ಓಲೆ ಮರುದಿನವೇ ಹೋಗುತ್ತದೆ. ಬಿಟ್ಟುಹೋದ ಅಕ್ಷರ ಒಂದೇ: ಕೈ. ಕೀಲಿಕೈ ಉದ್ಯಮ. ಹುಬ್ಬಳ್ಳಿಗೂ ತಿಳಿಯುತ್ತದೆ, ಮೈಸೂರಿಗೂ ತಿಳಿಯುತ್ತದೆ. ನನಗೆ ಅವರನ್ನು ಅಲ್ಲೇ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

ಸಂಜೆ ಅವರು ಜೋಲುಮೋರೆ ಹಾಕಿಕೊಂಡು ಬಂದರು. ಆ ವಾರವೇ ಉಪಚುನಾವಣೆ ಘೋಷಣೆಯಾಗಿತ್ತು. ಮೇಲಧಿಕಾರಿ ಓಲೆಯನ್ನು ಓದಿ, ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದರು. "ನಂಜುಂಡಸ್ವಾಮಿ, ಸರ್ಕಾರದ ಆದೇಶದೊಳಗೆ ಹೊಸದಾಗಿ ‘ಕೈ’ ಸೇರಿಸ್ತಾ ಇದೀರಲ್ಲ, ಅದೊಂದು ಪಕ್ಷದ ಗುರುತು ಅನ್ನೋದು ಗೊತ್ತಾ ನಿಮಗೆ? ನಾಳೆ ದೂರು ಹೋದ್ರೆ ನನ್ನ ಕೆಲಸ ಹೋಗುತ್ತೆ. ಚುನಾವಣೆ ಮುಗೀಲಿ." ಬೇರೆ ಯಾವ ಒಂದಕ್ಷರ ಸೇರಿಸಿದರೂ ಅರ್ಥ ಬರುವುದಿಲ್ಲ. ಗಂಡ ಹೆಂಡತಿ ಕೂತು ವರ್ಣಮಾಲೆಯನ್ನೆಲ್ಲ ಜೋಡಿಸಿ ನೋಡಿದೆವು.

ಅಷ್ಟರಲ್ಲಿ ಪಡಿನಾಡು ಕೇಂದ್ರದಲ್ಲಿ ಹಬ್ಬ ನಡೆದಿತ್ತು. ಎಡಗಡೆಯ ಪರದೆಯಲ್ಲಿ ಸೀಲು ನಿಂತರೆ ಏನೇನು ನಿಲ್ಲುತ್ತದೆ ಎಂದು ಯಂತ್ರ ಮೊದಲೇ ಹೇಳಿದ್ದು. ಬಲಗಡೆ ದೇಶದಲ್ಲಿ ನಿಜವಾಗಿ ಆಗುತ್ತಿರುವುದು. ಯಾರೂ ಹೆಚ್ಚು ಸೀಲು ತಂದಿಟ್ಟುಕೊಳ್ಳುವುದಿಲ್ಲ. ಹಾಳಾದಾಗ ಅಂಗಡಿಗೆ ಹೋಗಿ ತರುತ್ತಾರೆ. ಮೊದಲು ಎರಡು ಊರುಗಳ ಕುಡಿಯುವ ನೀರಿನ ಪಂಪು, ಆಮೇಲೆ ಹಾಲು ತಣ್ಣಗಿಡುವ ಘಟಕಗಳು, ಆಮೇಲೆ ನಗರದ ಬಸ್ಸುಗಳು. ಎಡಗಡೆಯ ಸಾಲುಗಳು ಒಂದೊಂದಾಗಿ ಬಲಗಡೆ ಮೂಡುತ್ತಿದ್ದವು.

"ನೋಡಮ್ಮ, ಎಷ್ಟು ಕರಾರುವಾಕ್ಕು!" ರಘೋತ್ತಮ ಸರ್ ಕಣ್ಣು ಒದ್ದೆಯಾಗಿತ್ತು. ಆ ಯಂತ್ರಕ್ಕೆ ಅವರು ಆಯುಷ್ಯವನ್ನೇ ಸುರಿದಿದ್ದರು. ಇಷ್ಟು ದಿನ ಅದನ್ನು ನಂಬಿದವರು ಕಡಿಮೆ.

"ಸರ್, ಇದು ಪರೀಕ್ಷೆ ಅಲ್ಲ. ಅಲ್ಲಿ ನೀರು ಬರ್ತಿಲ್ಲ. ಆ ಜನ ಒಂದು ಪದಕ್ಕೆ ಹೆದರಿ ಬಾಗಿಲು ಹಾಕಿಕೊಂಡಿದ್ದಾರೆ. ನೀವು ಮಂತ್ರಿಗಳ ಹತ್ತಿರ ಮಾತಾಡಿ."

"ನಾವು ಲೆಕ್ಕ ಹಾಕೋರು ದಾಕ್ಷಾಯಣಿ, ಕೈ ಹಾಕೋರಲ್ಲ."

ಮತ್ತೆ ಕೈ! ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ನನ್ನ ಜಾಗಕ್ಕೆ ಹೋಗಿ, ಯಾರೂ ಕೇಳದಿದ್ದ ಪ್ರಶ್ನೆಯನ್ನು ಪಡಿನಾಡಿಗೆ ಹಾಕಿದೆ: ಆಮದಿನ ಬಾಗಿಲು ತೆರೆದರೆ ಮುಂದೇನು? ಯಂತ್ರ ಉತ್ತರ ಕೊಟ್ಟಿತು. ಹೊರಗಿನ ಸೀಲು ಅರ್ಧ ಬೆಲೆಗೆ ಬರುತ್ತದೆ. ಶೆಡ್ಡುಗಳು ಒಂದು ವರ್ಷದೊಳಗೆ ಮುಚ್ಚುತ್ತವೆ. ಆಮೇಲೆ ಅವುಗಳನ್ನು ನಿಲ್ಲಿಸಿ ನೋಡಿದರೆ ಏನೂ ಬೀಳುವುದಿಲ್ಲ. ಏಳನೆಯ ಸ್ಥಾನದಿಂದ ಪಟ್ಟಿಯ ಹೊರಗೆ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊರದೇಶದವರು ಒಂದು ದಿನ ಕೊಡುವುದಿಲ್ಲ ಎಂದರೆ ಎಂದು ಕೇಳಿದೆ. ಎಲ್ಲವೂ ನಿಂತಿತು. ಮತ್ತೆ ಶುರು ಮಾಡಲು ಸೀಲು ಒತ್ತಲು ಬರುವವರು ಉಳಿದಿರಲಿಲ್ಲ.

ಅದನ್ನು ರಘೋತ್ತಮ ಸರ್ ಮುಂದೆ ಇಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಮಂತ್ರಿಗಳಿಗೆ ತಾವೇ ಫೋನ್ ಮಾಡಿ, ಷರತ್ತನ್ನು ಒಂದು ತಿಂಗಳು ತಡೆಹಿಡಿಯಬೇಕು ಎಂದು ಕೇಳಿದರು. ಎರಡು ಊರಿನವರು ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕೂತಿರುವಾಗ ಆಮದು ತಡೆಯುವ ಧೈರ್ಯ ಯಾವ ಮಂತ್ರಿಗಿದೆ? ನಾನು ಆ ಕುರ್ಚಿಯಲ್ಲಿದ್ದರೆ ನಾನೂ ತಡೆಯುತ್ತಿರಲಿಲ್ಲ. ಹಾಗೆ ಹೇಳಲು ಕಷ್ಟವಾಗುತ್ತದೆ, ಆದರೆ ನಿಜ.

ಉಳಿದದ್ದು ಒಂದೇ ದಾರಿ. ನಾವಿಬ್ಬರೂ ರಜೆ ಹಾಕಿ ಹುಬ್ಬಳ್ಳಿಯ ರೈಲು ಹತ್ತಿದೆವು.

ಅಣ್ಣನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಕೆಳಗೆ ಡೈ, ಜೋಳದ ಚೀಲದೊಳಗೆ ಡೈ, ದೇವರ ಮನೆಯಲ್ಲೂ ಹಳದಿ ವಸ್ತ್ರ ಹೊದಿಸಿದ ಒಂದು ಡೈ. "ಅದು ಲಾರಿ ಗಾಲಿದು," ಎಂದಳು ವೈನಿ, ನನ್ನ ಅಣ್ಣನ ಹೆಂಡತಿ ಕಸ್ತೂರಿ. "ನಿಮ್ಮಣ್ಣ ಮೊದಲನೇದಾಗಿ ಮಾಡಿಸಿದ್ದು. ದಿನಾ ಊದಿನಕಡ್ಡಿ ಹಚ್ತಾನ. ನನಗರ ಇಷ್ಟು ಪೂಜಿ ಮಾಡಿಲ್ಲ."

ಮಧ್ಯಾಹ್ನ ಅಣ್ಣ ಮೌಲಾಸಾಬರ ಶೆಡ್ಡಿನ ಮುಂದೆ ಎಲ್ಲರನ್ನೂ ಸೇರಿಸಿದ. ಮೌಲಾಸಾಬರು ಎಲ್ಲರಿಗಿಂತ ಹಿರಿಯರು. ಅವರು ಹೂಂ ಎಂದರೆ ನಲವತ್ತು ಬಾಗಿಲೂ ತೆರೆಯುತ್ತವೆ. ನನ್ನ ಗಂಡ ಎದ್ದು ನಿಂತು, ಆ ಆದೇಶ ಬರೆದವರು ತಾವೇ ಎಂದು ಹೇಳಿ, ತಮ್ಮ ಮೈಸೂರು ಕನ್ನಡದಲ್ಲಿ ಅಂತರ್ ಅವಲಂಬನೆ, ಪ್ರೋತ್ಸಾಹ, ಆದ್ಯತೆ ಎಂದೆಲ್ಲ ವಿವರಿಸತೊಡಗಿದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಸೆರಗು ಜಗ್ಗಿಕೊಂಡು ಕೂತೆ. ಇದು ಆಗುವುದಲ್ಲ ಅನ್ನಿಸಿತು.

ಮೌಲಾಸಾಬರು ಕೈ ಎತ್ತಿ ಮಾತು ನಿಲ್ಲಿಸಿದರು. ಶೆಡ್ಡಿನ ಬಾಗಿಲಿಗೆ ಹಾಕಿದ್ದ ದೊಡ್ಡ ಕಬ್ಬಿಣದ ಬೀಗವನ್ನು ಹಿಡಿದು ಅಲ್ಲಾಡಿಸಿದರು.

"ಸಾಹೇಬ್ರ, ಭಾಷಣ ಇರ್ಲಿ. ಇದಕ್ಕ ಏನಂತೀರಿ?"

"ಬೀಗ."

ಅವರು ಜುಬ್ಬದ ಕಿಸೆಯಿಂದ ಗೊಂಚಲು ತೆಗೆದು ಎತ್ತಿ ಹಿಡಿದರು. "ಮತ್ತ ಇದಕ್ಕ?"

"ಕೀಲಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೌಲಾಸಾಬರ ಹೊಟ್ಟೆ ಕುಲುಕಿತು. "ಹತ್ತು ದಿನದ ಮ್ಯಾಲಾತು, ನಾವು ಮನ್ಯಾಗ ಡೈ ಅಪ್ಪಿಕೊಂಡು ಕುಂತೇವಿ! ಈ ಪುಣ್ಯಾತ್ಮ ಕೀಲಿಕೈಗೆ ಕೀಲಿ ಅಂತಾನ!" ಎಂದು ಅವರು ನಕ್ಕಾಗ ಇಡೀ ಗುಂಪೇ ನಕ್ಕಿತು. ನನ್ನ ಗಂಡನೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಮೌಲಾಸಾಬರು ಗೊಂಚಲನ್ನು ಅವರ ಕೈಗೇ ಕೊಟ್ಟರು. "ತಗೀರಿ ನೀವ. ನಿಮ್ಮ ಕೀಲಿಲೇ ನಮ್ಮ ಕೀಲಿ ತಗೀರಿ."

ಸಂಜೆಯೊಳಗೆ ಸೈಕಲ್ಲು, ಟಂಟಂ ಆಟೊ, ತಲೆಯ ಮೇಲಿನ ಬುಟ್ಟಿಗಳಲ್ಲಿ ಡೈಗಳು ಮರಳಿ ಬಂದವು. ಮೌಲಾಸಾಬರ ಯಂತ್ರ ರಬ್ಬರ್ ಅರೆಯತೊಡಗಿತು. ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಿದ್ದಾಗ ನನಗೆ ಅಳು ಬಂತು. ಅಣ್ಣ ಮೊದಲ ಒತ್ತಿನ ಸೀಲನ್ನು ಇಕ್ಕಳದಲ್ಲಿ ತೆಗೆದು, ಆರಿದ ಮೇಲೆ ನನ್ನ ಕೈಗೆ ಬಳೆಯಂತೆ ಏರಿಸಿದ. ಸಡಿಲವಾಗಿತ್ತು. ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡೆ.

ಮೂರ್ನಾಲ್ಕು ದಿನ ಅಲ್ಲಿದ್ದು ನಾವು ರೈಲಿನಲ್ಲಿ ಮರಳುತ್ತಿದ್ದಾಗ ರಘೋತ್ತಮ ಸರ್ ಫೋನ್ ಮಾಡಿದರು. ಷರತ್ತು ಎಣಿಸುವುದು ಶೆಡ್ಡಿನ ಬಾಗಿಲನ್ನಲ್ಲ, ಅಂಗಡಿಯಲ್ಲಿ ಸಿಗುವ ಮಾಲನ್ನು. ಒತ್ತಿದ ಸೀಲು ಬೆಂದು, ಅಂಚು ಕತ್ತರಿಸಿಕೊಂಡು, ಲಾರಿ ಹತ್ತಿ ಅಂಗಡಿ ಮುಟ್ಟುವಷ್ಟರಲ್ಲಿ ಎರಡು ವಾರ ತುಂಬಿತ್ತು. ಆಮದಿನ ಬಾಗಿಲು ತೆರೆದಿತ್ತು. ಅದಕ್ಕೆ ಯಾರೂ ಕೈ ಹಾಕಬೇಕಾಗಲಿಲ್ಲ, ತಾನಾಗಿಯೇ ತೆರೆದುಕೊಂಡಿತು.

"ನಿಮ್ಮಣ್ಣನಿಗೆ ಹೇಳ್ತೀಯಾ?" ಎಂದು ಅವರು ಕೇಳಿದರು. ಇವತ್ತು ಬೇಡ ಎಂದೆ.

ಮೊದಲ ಹಡಗು ಬರುವವರೆಗೆ ಶೆಡ್ಡುಗಳು ಚೆನ್ನಾಗಿಯೇ ನಡೆದವು. ಎರಡು ಊರುಗಳಿಗೆ ನೀರು ಬಂದದ್ದು ನಮ್ಮ ಅಣ್ಣನವರ ಸೀಲಿನಿಂದಲೇ. ಆಮೇಲೆ ಪಡಿನಾಡು ಹೇಳಿದಂತೆ ಆಯಿತು. ಪಟ್ಟಿಯಲ್ಲಿದ್ದ ಉದ್ಯಮಕ್ಕೆ ಬರಬೇಕಾದ ವಿದ್ಯುತ್ತು, ಸಾಲ ಮಂಜೂರಾಗುವಷ್ಟರಲ್ಲಿ ಹೊಸ ಲೆಕ್ಕ ನಡೆದು, ಸೀಲು ಪಟ್ಟಿಯಿಂದ ಬಿದ್ದುಹೋಯಿತು. ಮೌಲಾಸಾಬರು ರಬ್ಬರ್ ಅರೆಯುವ ಯಂತ್ರವನ್ನು ಚಪ್ಪಲಿ ಮಾಡುವವರಿಗೆ ಕೊಟ್ಟರು. ಅದರ ನಂತರ ಉಳಿದವರು ಒಬ್ಬೊಬ್ಬರಾಗಿ ಶೆಡ್ಡು ಮುಚ್ಚಿದರು. ಯಂತ್ರ ಎರಡು ಸಲವೂ ಸರಿಯಾಗಿಯೇ ಹೇಳಿತ್ತು. ಅದಕ್ಕೆ ಬಹುಮಾನವೂ ಬಂತು. ಆ ಸಮಾರಂಭಕ್ಕೆ ನಾನು ಹೋಗಲಿಲ್ಲ.

ಅಣ್ಣ ಈಗ ಹೊರದೇಶದ ಸೀಲುಗಳನ್ನು ಬಸ್ ನಿಲ್ದಾಣದ ಹತ್ತಿರ ಅಂಗಡಿಯಲ್ಲಿಟ್ಟು ಮಾರುತ್ತಾನೆ. ವೈನಿ ಹೇಳುತ್ತಾಳೆ, ದೇವರ ಮನೆಯ ಡೈ ಇನ್ನೂ ಅಲ್ಲೇ ಇದೆಯಂತೆ.

ಉಪಚುನಾವಣೆ ಮುಗಿದಿತ್ತು. ಗೆದ್ದವರು ಗೆದ್ದರು. ನನ್ನ ಗಂಡನ ತಿದ್ದುಪಡಿ ಓಲೆ ಮೇಜಿನಿಂದ ಮೇಜಿಗೆ ಹೋಗಿ, ಸಹಿ ಬಿದ್ದು, ಮರೆತೇಹೋದ ಹೊತ್ತಿಗೆ ಒಂದು ದಿನ ಹುಬ್ಬಳ್ಳಿಗೆ ತಲುಪಿತು. ಎಲ್ಲ ನಲವತ್ತು ಶೆಡ್ಡುಗಳ ಹೆಸರಿಗೂ ಒಂದೊಂದು. ಆದೇಶವನ್ನು ಘಟಕದ ಬಾಗಿಲಿಗೆ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ಕೆಳಗೆ ಬರೆದಿತ್ತು. ಅಣ್ಣ ಅಲ್ಲಿಂದಲೇ ಫೋನ್ ಮಾಡಿದ.

"ದಾಕ್ಷಾ, ನಿನ್ನ ಗಂಡಗ ಹೇಳು, ಕನ್ನಡ ಈಗ ಸರಿ ಆತು ಅಂತ. ‘ಕೀಲಿಕೈ ಉದ್ಯಮ’ ಅಂತ ದಪ್ಪ ಅಕ್ಷರದಾಗ ಬರದಾರ."

"ಅಂಟಿಸ್ತೀಯೇನಣ್ಣಾ?" ಎಂದೆ.

"ಅಂಟಸಾಕಂತನ ಶೆಡ್ಡಿನ ಮುಂದ ನಿಂತೇನವ್ವ," ಎಂದ. "ಎಲ್ಲಿ ಅಂಟಸ್ಲಿ? ಕೀಲಿ ಅಡ್ಡ ಬರ್ತೈತಿ."